ಅಳೆಯುವವನನ್ನು ಅಳೆಯುವವರು ಯಾರು?

ತಕ್ಕಡಿಯೇ ವಾಲಿದ್ದರೆ ಸಾಮಾನಿನ ತೂಕವನ್ನು ನಂಬುವುದು ಹೇಗೆ? ಈ ಹಳೆಯ ಪ್ರಶ್ನೆ ನಮಗೆ ಮೊದಲು ಎದುರಾದದ್ದು ಅಂಗಡಿಯಲ್ಲಲ್ಲ, ಬಿ.ಎಸ್‌ಸಿ. ತರಗತಿಯ ಪ್ರಯೋಗಶಾಲೆಯಲ್ಲಿ. ಆಂಪ್ಲಿಫೈಯರನ್ನು ಪರೀಕ್ಷಿಸಲು ಅಲ್ಲಿ ಆಡಿಯೋ ಆಸಿಲೇಟರ್ ಎಂಬ ಪೆಟ್ಟಿಗೆಯಿತ್ತು. ಒಂದೇ ಸಮನಾದ ಶುದ್ಧ ಸ್ವರವನ್ನು ವಿದ್ಯುತ್ತಿನ ರೂಪದಲ್ಲಿ ಕೊಡುವುದು ಅದರ ಕೆಲಸ. ಆ ಸ್ವರ ಆಂಪ್ಲಿಫೈಯರನ್ನು ಹಾದು ಹೊರಬರುವಾಗ ಕೆಟ್ಟಿದ್ದರೆ ದೋಷ ಆಂಪ್ಲಿಫೈಯರಿನದು. ಆದರೆ ಆಸಿಲೇಟರೇ ಸೊಟ್ಟ ಸ್ವರ ಕೊಟ್ಟರೆ? ಆಗ ತಪ್ಪು ಯಾರದೆಂದು ಹೇಳಲಾಗದು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ವಿಲಿಯಂ ಹ್ಯೂಲೆಟ್ 1939ರ ತಮ್ಮ ಪ್ರಬಂಧದಲ್ಲಿ ಈ ತೊಡಕನ್ನೇ ಬಿಡಿಸಿದರು. ಆಸಿಲೇಟರ್ ತನ್ನ ಸ್ವರದ ಒಂದಂಶವನ್ನು ತಾನೇ ಮರಳಿ ಪಡೆದು ಬದುಕುತ್ತದೆ. ಅದು ಕಡಿಮೆಯಾದರೆ ಸ್ವರ ಸಾಯುತ್ತದೆ, ಹೆಚ್ಚಾದರೆ ಉಬ್ಬುತ್ತ ಹೋಗಿ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಹ್ಯೂಲೆಟ್ ಮಂಡಲದೊಳಗೆ ಒಂದು ಪುಟ್ಟ ಬಲ್ಬನ್ನು ಸೇರಿಸಿದರು. ಸ್ವರ ಏರಿದರೆ ಬಲ್ಬಿನ ತಂತಿ ಕಾಯುತ್ತದೆ, ಕಾದರೆ ಅದರ ರೋಧ ಹೆಚ್ಚುತ್ತದೆ, ಆಗ ಸ್ವರ ತಾನಾಗಿ ತಗ್ಗುತ್ತದೆ. ತೀರ ತಗ್ಗಿದರೆ ತಂತಿ ತಣ್ಣಗಾಗಿ ಸ್ವರವನ್ನು ಮೇಲೆತ್ತುತ್ತದೆ. ಹೊರಗಿನಿಂದ ಯಾರೂ ತಿದ್ದಬೇಕಾಗಿಲ್ಲ.

ಹ್ಯೂಲೆಟ್ ಮತ್ತು ಗೆಳೆಯ ಡೇವಿಡ್ ಪ್ಯಾಕರ್ಡ್ ಪಾಲೋ ಆಲ್ಟೋ ಊರಿನ ಒಂದು ಗ್ಯಾರೇಜಿನಲ್ಲಿ ಈ ಉಪಕರಣವನ್ನು ತಯಾರಿಸಿ 54 ಡಾಲರ್ 40 ಸೆಂಟಿಗೆ ಮಾರಿದರು. 1940ರಲ್ಲಿ ತೆರೆಕಂಡ ‘ಫ್ಯಾಂಟೇಸಿಯಾ’ ಚಿತ್ರದ ಧ್ವನಿಕಾರ್ಯಕ್ಕಾಗಿ ಡಿಸ್ನಿ ಸಂಸ್ಥೆ ಇದರ ಸುಧಾರಿತ ರೂಪವಾದ 200ಬಿ ಮಾದರಿಯ ಎಂಟು ಉಪಕರಣಗಳನ್ನು ಕೊಂಡಿತು.

ಆದರೆ ಇಲ್ಲೊಂದು ಸ್ವಾರಸ್ಯವಿದೆ. ಅವರ ಮೊಟ್ಟಮೊದಲ ಸರಕಿಗೆ ಅವರಿಟ್ಟ ಹೆಸರು ಮಾಡೆಲ್ 200ಎ. ‘ಒಂದು’ ಎಂದರೆ ನಿನ್ನೆ ಮೊನ್ನೆ ಹುಟ್ಟಿದ ಕಂಪನಿ ಎಂದು ಗಿರಾಕಿ ಹಿಂಜರಿದಾನು, ಇನ್ನೂರು ಎಂದರೆ ಹಳೆಯ ಕೈ ಎಂದುಕೊಂಡಾನು! ಸತ್ಯಸ್ವರವನ್ನೇ ಹೊರಡಿಸಬೇಕಾದ ಪೆಟ್ಟಿಗೆಯ ಹಣೆಯ ಮೇಲೆ ಒಂದು ಸಣ್ಣ ಸುಳ್ಳು. ಇದನ್ನು ಸುಳ್ಳೆನ್ನಬಹುದೇ? ಅಂಕಿ ಬರೀ ಹೆಸರಷ್ಟೆ, ಕೊಂಡವನಿಗೆ ಸಿಕ್ಕ ಸ್ವರ ಖರೆಯಾಗಿತ್ತು ಎಂದು ವಾದಿಸಬಹುದು. ಮುಂದೆ ಪ್ಯಾಕರ್ಡ್ ತಾವೇ ಈ ಸಂಗತಿಯನ್ನು ಬಹಿರಂಗವಾಗಿ ಹೇಳಿಕೊಂಡರು ಕೂಡ. ನಾವೂ ನಕ್ಕು, ಅವರನ್ನು ಕ್ಷಮಿಸಿ ಸುಮ್ಮನಾಗಿದ್ದೆವು.

ಹೀಗೆ ಸುಮ್ಮನಿದ್ದ ನಮ್ಮನ್ನು ಕೆಣಕಿದ್ದು ನಮ್ಮ ಮನೆಯ ಒಂದು ಘಟನೆ. ಕಚೇರಿಯಲ್ಲಿ ಇತರರ ಟಿ.ಎ. ಬಿಲ್ಲುಗಳನ್ನು ಪರಿಶೀಲಿಸುವುದು ನಮ್ಮ ಕೆಲಸ. ಆ ದಿನ ಆಟೋ ಬಾಡಿಗೆ ಹೆಚ್ಚಾಯಿತೆಂದು ಒಬ್ಬರ ಬಿಲ್ಲನ್ನು ಹಿಂದಿರುಗಿಸಿದ್ದೆವು. ಸಂಜೆ ಮನೆಯಲ್ಲಿ ನಮ್ಮದೇ ಪ್ರವಾಸದ ಬಿಲ್ಲು ಬರೆಯುತ್ತ, ನಿಲ್ದಾಣದವರೆಗಿನ ಆಟೋಗೆ ಇನ್ನೂರು ಎಂದು ನಮೂದಿಸಿದೆವು. ಅಂದು ನಮ್ಮನ್ನು ಬೀಳ್ಕೊಡಲು ಜೊತೆಗೆ ಬಂದಿದ್ದ ಮಗಳು ಇಣುಕಿ, “ಅಪ್ಪಾ, ನೂರ ಅರವತ್ತು ಅಲ್ವಾ ಕೊಟ್ಟಿದ್ದು?” ಎಂದಳು.

ನಲವತ್ತು ರೂಪಾಯಿಯ ಮಾತು. ‘ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಬೇರೆಯವರ ತಟ್ಟೆಯ ನೊಣ ಹುಡುಕಿದ’ ಎಂದು ನಮ್ಮ ಹಿರಿಯರು ಹೇಳಿದ್ದು ನಮ್ಮಂಥವರಿಗೇ ಇರಬೇಕು. ಪ್ಯಾಕರ್ಡ್ ಅವರ ಇನ್ನೂರಕ್ಕೂ ನಮ್ಮ ಇನ್ನೂರಕ್ಕೂ ಇದ್ದ ವ್ಯತ್ಯಾಸ ಆಗ ಹೊಳೆಯಿತು. ಅವರದು ಹೆಸರಿನಲ್ಲಿದ್ದ ಬಡಾಯಿ, ನಮ್ಮದು ಅಳತೆಯಲ್ಲೇ ಇದ್ದ ಮೋಸ. ಹೆಸರು ಹಿಗ್ಗಿದರೂ ಉಪಕರಣ ಕೆಲಸಕ್ಕೆ ಬರುತ್ತದೆ, ಸ್ವರವೇ ತಪ್ಪಿದರೆ ಅದರಿಂದ ಏನನ್ನೂ ಅಳೆಯಲಾಗದು. ಹಾಗೆಂದು ಬಡಾಯಿಯೂ ನಿರಪಾಯವಲ್ಲ. ಸಂಬಂಧ ಕುದುರಿಸುವಾಗ, ಕೆಲಸಕ್ಕೆ ಅರ್ಜಿ ಹಾಕುವಾಗ ಅದು ಎಷ್ಟು ಬೇಗ ಅಳತೆಯೊಳಕ್ಕೆ ನುಸುಳುತ್ತದೆಂಬುದನ್ನು ನಾವೆಲ್ಲ ಬಲ್ಲೆವು.

ಪರಸ್ಥಳದಲ್ಲಿರುವ ನಮ್ಮ ಮಕ್ಕಳಿಗೆ ಅಜ್ಜ ಅಜ್ಜಿ, ಸೋದರಮಾವ, ಚಿಕ್ಕಮ್ಮ ಎಲ್ಲರೂ ವರ್ಷಕ್ಕೊಮ್ಮೆ ರಜೆಯಲ್ಲಿ ಕಾಣುವವರು. ದಿನನಿತ್ಯ ಅವರು ಶ್ರುತಿ ಹಿಡಿಯುವುದು ನಮ್ಮಿಂದಲೇ. ಆ ಶ್ರುತಿ ಸರಿಯಿದೆಯೇ ಎಂದು ಕೇಳಲು ಮೇಲಧಿಕಾರಿ ಬರುವುದಿಲ್ಲ. ಅದಕ್ಕೆ ಒಳಗೊಂದು ದೀಪವೇ ಬೇಕು. ನಮ್ಮದು ಅಂದು ತಣ್ಣಗಿತ್ತು, ಮಗಳದು ಕೆಲಸ ಮಾಡಿತು.

ಬಿಲ್ಲಿನ ಹಾಳೆ ಹರಿದು, ನೂರ ಅರವತ್ತು ಎಂದು ಹೊಸದಾಗಿ ಬರೆದೆವು. ಮರುದಿನ ಆ ಸಹೋದ್ಯೋಗಿಯ ಬಿಲ್ಲು ತಿದ್ದುಪಡಿಯಾಗಿ ಮತ್ತೆ ನಮ್ಮ ಮೇಜಿಗೆ ಬಂತು. ಸಹಿ ಹಾಕಿದೆವು, ಆದರೆ ಹಿಂದಿನ ದಿನದ ಗತ್ತು ಕೈಯಲ್ಲಿರಲಿಲ್ಲ.