ತಾಳಿಕೊಳ್ಳುವುದೂ ಒಂದು ದಯಾಕಾರ್ಯ



ಭಾನುವಾರದ ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಗುರುಗಳ ಕಿವಿಗೆ ಎಷ್ಟೋ ದೂರುಗಳು ಬೀಳುತ್ತವೆ. “ಸ್ವಾಮಿ, ಆ ಅಮ್ಮ ಬೆಂಚಿನ ಮೇಲೆ ಕರ್ಚೀಫು ಹಾಸಿ ನಾಲ್ಕು ಜನರ ಜಾಗ ಹಿಡಿದಿಡ್ತಾರೆ.” “ಶುಭಸಂದೇಶ ಓದಿ ಆದ ಮೇಲೆ ಬರೋದು, ಎಲ್ಲರ ಕಾಲು ತುಳಿದುಕೊಂಡು ಮುಂದಿನ ಸಾಲಿಗೇ ಹೋಗೋದು!” ಒಬ್ಬರಿಗೆ ಗಾನವೃಂದಕ್ಕಿಂತ ಅರ್ಧ ಸಾಲು ಮುಂದಾಗಿ ಹಾಡುವ ಹಿಂದಿನ ಬೆಂಚಿನವರ ಮೇಲೆ ಸಿಟ್ಟು. ಇನ್ನೊಬ್ಬರಿಗೆ, ಜಪಸರದ ಹೊತ್ತಿನಲ್ಲಿ ಉಳಿದವರು ‘ನಮೋ ಮರಿಯಾ’ ಅರ್ಧಕ್ಕೆ ಬರುವಷ್ಟರಲ್ಲಿ ಮುಗಿಸಿಬಿಡುವವರ ಮೇಲೆ. ಪೂಜೆಯ ನಡುವೆ ಸಿನಿಮಾ ಹಾಡು ಹಾಡುವ ಮೊಬೈಲಿನ ಮಾತಂತೂ ಬೇಡ. (ಇವೆಲ್ಲ ಅಂಗಳದ ಮಾತುಗಳು. ಪಾಪನಿವೇದನೆಯಲ್ಲಿ ಕೇಳಿದ್ದು ಅಲ್ಲೇ ಉಳಿಯುತ್ತದೆ.)

ಕೇಳಿ ನಕ್ಕುಬಿಡಬಹುದಾದ ಸಂಗತಿಗಳು ನಿಜ. ಆದರೆ ಇವು ಬೆಳೆಯುವ ಬಗೆಯನ್ನು ನೋಡಿ. ಕರ್ಚೀಫಿನ ಸಿಟ್ಟಿಗೆ ಒಬ್ಬರು ಬೇರೆ ಪೂಜೆಯ ಸಮಯಕ್ಕೆ ಬರತೊಡಗುತ್ತಾರೆ. ಶಾಂತಿಯ ಕುರುಹನ್ನು ಹಂಚಿಕೊಳ್ಳುವಾಗ ಒಬ್ಬರತ್ತ ಕೈ ಮುಗಿದು ಇನ್ನೊಬ್ಬರಿಂದ ಮುಖ ತಿರುಗಿಸುತ್ತಾರೆ. ಎರಡೇ ನಿಮಿಷದಲ್ಲಿ ಪರಮಪ್ರಸಾದಕ್ಕೆ ಸಾಲು ನಿಲ್ಲುತ್ತಾರೆ. ದೊಡ್ಡ ಜಗಳವಾದರೆ ರಾಜಿ ಮಾಡಿಸಲು ಹಿರಿಯರು ಬರುತ್ತಾರೆ. ಕರ್ಚೀಫಿನ ವಿಷಯಕ್ಕೆ ಯಾರು ಬರುತ್ತಾರೆ? ಅದು ಹಾಗೇ ಒಳಗೆ ಕೂತು ಹುಳಿಯಾಗುತ್ತದೆ.

ಜ್ಞಾನೋಪದೇಶದ ತರಗತಿಯಲ್ಲಿ ಆತ್ಮಕ್ಕೆ ಸಂಬಂಧಿಸಿದ ಏಳು ದಯಾಕಾರ್ಯಗಳನ್ನು ಬಾಯಿಪಾಠ ಮಾಡಿದ್ದು ನೆನಪಿದೆಯೇ? ದುಃಖಿತರನ್ನು ಸಂತೈಸುವುದು, ಅಪರಾಧಗಳನ್ನು ಕ್ಷಮಿಸುವುದು, ಜೀವಂತರಿಗಾಗಿಯೂ ಮೃತರಿಗಾಗಿಯೂ ಪ್ರಾರ್ಥಿಸುವುದು ಇತ್ಯಾದಿ. ಅದರಲ್ಲೇ ಒಂದು, ತೊಂದರೆ ಕೊಡುವವರನ್ನು ತಾಳ್ಮೆಯಿಂದ ಸಹಿಸುವುದು. ಕ್ಷಮಿಸುವುದನ್ನು ಹೇಳಿದ ಮೇಲೆ ಸಹಿಸುವುದನ್ನು ಬೇರೆಯಾಗಿ ಏಕೆ ಹೇಳಬೇಕು? ಸಂತ ಪೌಲರೂ ಕೊಲೊಸ್ಸೆಯವರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯದಲ್ಲಿ ಮೊದಲು ಸೈರಣೆಯನ್ನು, ಆಮೇಲೆ ಕ್ಷಮೆಯನ್ನು ಹೇಳುತ್ತಾರೆ. ಕ್ಷಮಿಸಬೇಕಾದರೆ ಅಲ್ಲೊಂದು ಅಪರಾಧವಿರಬೇಕು. ಶ್ರುತಿ ತಪ್ಪಿ ಹಾಡುವುದು ಅಪರಾಧವೇ? ಬೆಳಗಿನ ಜಾವ ಬಚ್ಚಲಲ್ಲಿ ಮಾವ ಗಂಟಲು ಸರಿಮಾಡಿಕೊಳ್ಳುವುದು, ವಯಸ್ಸಾದ ಅತ್ತೆ ಕೇಳಿದ್ದನ್ನೇ ಮೂರು ಸಲ ಕೇಳುವುದು ಅಪರಾಧವೇ? ಕ್ಷಮಿಸಲು ಅಲ್ಲಿ ಏನೂ ಇಲ್ಲ. ಆದರೆ ಮೈ ಉರಿಯುವುದು ಮಾತ್ರ ನಿಲ್ಲುವುದಿಲ್ಲ.

ಸಂತ ತೋಮಸ್ ಅಕ್ವಿನಾಸರು ತಮ್ಮ ‘ಸುಮ್ಮಾ ತಿಯೊಲೊಜಿಯೆ’ಯಲ್ಲಿ ದಾನಧರ್ಮದ ಬಗ್ಗೆ ಬರೆಯುವಾಗ ಈ ದಯಾಕಾರ್ಯವನ್ನು ವಿವರಿಸುತ್ತಾರೆ. ಒಬ್ಬರ ನಡತೆ ಜೊತೆಯಲ್ಲಿ ಬಾಳುವವರಿಗೆ ಭಾರವಾಗುತ್ತದೆ, ಆ ಭಾರವನ್ನು ಹೊರುವುದು ದಯೆ, ಅದರಲ್ಲೂ ಬಲಹೀನತೆಯಿಂದ ತಪ್ಪುವವರ ಭಾರವನ್ನು ಹೊರಬೇಕು ಎನ್ನುತ್ತಾರೆ. ಅವರು ಹೇಳುವುದು ಹೊರುವ ಮಾತು. ಹಲ್ಲು ಕಚ್ಚಿಕೊಂಡು ದೂರ ನಿಂತವನು ಏನನ್ನೂ ಹೊರುವುದಿಲ್ಲ.

ಹೊರುವುದು ಹೇಗೆಂದು ತೋರಿಸಿದವರು ಬಾಲಯೇಸುವಿನ ಸಂತ ತೆರೇಸಮ್ಮನವರು. 1888ರಲ್ಲಿ, ಹದಿನೈದನೆಯ ವಯಸ್ಸಿಗೆ, ಫ್ರಾನ್ಸಿನ ಲಿಸ್ಯೂ ಕಾರ್ಮೆಲ್ ಮಠ ಸೇರಿದ ಇವರು 1897ರಲ್ಲಿ ತೀರಿಕೊಂಡಾಗ ವಯಸ್ಸು ಬರೀ 24. ಸಂಜೆಯ ಧ್ಯಾನದ ವೇಳೆ ಇವರ ಹಿಂದೆ ಕೂರುತ್ತಿದ್ದ ಸಹೋದರಿಯೊಬ್ಬರು ಎರಡು ಚಿಪ್ಪುಗಳನ್ನು ಉಜ್ಜಿದಂಥ ಸದ್ದು ಮಾಡುತ್ತಲೇ ಇರುತ್ತಿದ್ದರಂತೆ. ತಿರುಗಿ ಒಂದು ಸಲ ದುರುಗುಟ್ಟಿ ನೋಡಿಬಿಡೋಣ ಎಂದು ಇವರಿಗೆ ಎಷ್ಟು ಆಸೆಯಾಗುತ್ತಿತ್ತೆಂದರೆ, ತಡೆದುಕೊಳ್ಳುವುದರಲ್ಲೇ ಬೆವೆತುಹೋಗುತ್ತಿದ್ದರು. ಸಂತರಿಗೂ ಸಿಟ್ಟು ಬರುತ್ತದೆ ಎಂಬುದನ್ನು ಗಮನಿಸಿ!

ಆದರೆ ನನಗೆ ಹೆಚ್ಚು ಹಿಡಿಸುವುದು ಇನ್ನೊಂದು ಘಟನೆ. ಮಠದಲ್ಲಿ ಸಂತ ಪೇತ್ರರ ಹೆಸರಿನ ಒಬ್ಬ ವೃದ್ಧ ಸಹೋದರಿ ಇದ್ದರು. ನಡೆಯಲಾಗದು, ಕೈಗಳು ಸ್ವಾಧೀನದಲ್ಲಿಲ್ಲ. ಸಂಜೆ ಅವರನ್ನು ಪ್ರಾರ್ಥನಾಮಂದಿರದಿಂದ ಊಟದ ಕೋಣೆಗೆ ಕರೆದೊಯ್ಯುವ ಕೆಲಸಕ್ಕೆ ತೆರೇಸಮ್ಮ ತಾವಾಗಿಯೇ ಮುಂದೆ ಬಂದರು. ಹೊರಡುವ ಸಮಯವಾಯಿತೆಂದು ಆ ಅಜ್ಜಿ ಮರಳುಗಡಿಯಾರ ಅಲ್ಲಾಡಿಸುತ್ತಿದ್ದರು. ಸೊಂಟದ ಪಟ್ಟಿ ಹಿಡಿದು ಹಿಂದೆ ಹಿಂದೆ ನಡೆಯಬೇಕು. ಬೇಗ ನಡೆದರೆ ಬೀಳಿಸುತ್ತೀಯೆ ಎಂಬ ಗದರಿಕೆ. ನಿಧಾನಿಸಿದರೆ ಕೈ ಬಿಟ್ಟುಬಿಟ್ಟೆ ಎಂಬ ದೂರು. ಇವಳಿನ್ನೂ ಚಿಕ್ಕವಳು, ಇವಳಿಂದ ಆಗದು ಎಂಬ ಗೊಣಗಾಟ ಬೇರೆ. ಊಟಕ್ಕೆ ಕೂರಿಸಿ ತೋಳು ಮಡಚಿಕೊಟ್ಟರೆ ವಹಿಸಿದ ಕೆಲಸ ಮುಗಿಯಿತು, ಹೋಗಬಹುದು. ಆದರೆ ಆ ಕೈಗಳಿಂದ ರೊಟ್ಟಿ ಕತ್ತರಿಸಲು ಅಜ್ಜಿ ಒದ್ದಾಡುವುದು ಒಂದು ದಿನ ತೆರೇಸಮ್ಮನ ಕಣ್ಣಿಗೆ ಬಿತ್ತು. ಅಂದಿನಿಂದ ರೊಟ್ಟಿ ಕತ್ತರಿಸಿಕೊಟ್ಟು, ಒಂದು ನಗು ನಕ್ಕು ಹೋಗತೊಡಗಿದರು. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ. ಅಜ್ಜಿ ಒಲಿದದ್ದು ಅದಕ್ಕೇ. 1997ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ತೆರೇಸಮ್ಮನವರನ್ನು ಧರ್ಮಸಭೆಯ ಪಂಡಿತರ ಸಾಲಿಗೆ ಸೇರಿಸಿದರು. ಅವರ ಪಾಂಡಿತ್ಯದ ಒಂದು ಪಾಠ ಆ ಊಟದ ಕೋಣೆಯದು.

ಗೊಣಗಾಟ ಮಾತ್ರ ಕಿವಿಗೆ ಬೀಳುತ್ತಿದ್ದರೆ ಆ ಕೈಗಳು ಕಾಣುತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ಆಗುತ್ತಿರುವುದೂ ಇದೇ ಅಲ್ಲವೇ? ಟಿ.ವಿ. ಸದ್ದು ಜೋರು ಮಾಡುವ ಅಪ್ಪನಿಗೆ ಕಿವಿ ಮಂದವಾಗಿರಬಹುದು. ಕರ್ಚೀಫು ಹಾಸುವ ಆ ಅಮ್ಮನ ಜೊತೆ ಮಂಡಿ ನೋವಿನ ಅಕ್ಕನೋ, ಬುದ್ಧಿ ಬೆಳೆಯದ ಮಗನೋ ಬರುತ್ತಿರಬಹುದು. ನನ್ನ ಬಳಿ ದೂರು ತಂದವರಲ್ಲಿ ಹೆಚ್ಚಿನವರು ಆ ಅಮ್ಮನನ್ನು ಒಂದು ಮಾತು ಕೇಳಿರುವುದಿಲ್ಲ. “ಅಮ್ಮ, ಇಲ್ಲಿ ನಾನೂ ಕೂರಬಹುದಾ?” ಎನ್ನುವುದಕ್ಕೆ ಗುರುಗಳ ಶಿಫಾರಸು ಬೇಕೇ?

ಒಂದು ಎಚ್ಚರಿಕೆಯ ಮಾತು. ಕುಡಿದು ಬಂದು ಹೆಂಡತಿಗೆ ಹೊಡೆಯುವವನನ್ನೂ, ವರದಕ್ಷಿಣೆಯ ಮಾತೆತ್ತಿ ಸೊಸೆಯನ್ನು ಚುಚ್ಚುವವರನ್ನೂ ಈ ಸಾಲಿಗೆ ಸೇರಿಸಬೇಡಿ. ಅದು ಕಿರಿಕಿರಿಯಲ್ಲ, ಅನ್ಯಾಯ. ತಪ್ಪು ಮಾಡಿದವರನ್ನು ಎಚ್ಚರಿಸುವುದೂ ಅದೇ ಏಳರಲ್ಲಿ ಒಂದು. “ತಾಳಿಕೋ ಮಗಳೇ” ಎಂದು ಹೊಡೆತ ತಿಂದವಳನ್ನು ಅದೇ ಮನೆಗೆ ವಾಪಸು ಕಳಿಸುವವರು ಯಾವ ದಯಾಕಾರ್ಯವನ್ನೂ ಮಾಡುತ್ತಿಲ್ಲ.

ಜಗದ್ಗುರು ಫ್ರಾನ್ಸಿಸರು 2016ರ ನವೆಂಬರ್ 16ರಂದು ಬುಧವಾರದ ಸಾರ್ವಜನಿಕ ಭೇಟಿಯಲ್ಲಿ ಇದೇ ದಯಾಕಾರ್ಯದ ಬಗ್ಗೆ ಮಾತಾಡಿದರು. ಕಿರಿಕಿರಿ ಮಾಡುವವರನ್ನು ಗುರುತಿಸುವುದರಲ್ಲಿ ನಾವೆಲ್ಲ ಗಟ್ಟಿಗರು, ನಾವೂ ಇತರರಿಗೆ ಕಿರಿಕಿರಿಯಾಗಿದ್ದೇವೆಯೇ ಎಂದು ಆತ್ಮಪರೀಕ್ಷೆ ಮಾಡಿಕೊಳ್ಳುವುದು ಮಾತ್ರ ಇಲ್ಲ ಎಂಬುದು ಅವರ ಆಕ್ಷೇಪ. ಮುಂದಿನ ಪಾಪನಿವೇದನೆಗೆ ಮುಂಚೆ ಆ ಪ್ರಶ್ನೆಯನ್ನು ಮನೆಯಲ್ಲೇ ಕೇಳಿ ನೋಡಬಹುದು. ಹೆಂಡತಿಯೋ ಗಂಡನೋ ದಾಕ್ಷಿಣ್ಯಕ್ಕೆ ಏನೂ ಇಲ್ಲ ಎನ್ನಬಹುದು. ಹತ್ತು ವರ್ಷದ ಮಗುವನ್ನು ಕೇಳಿ, ಬೆರಳು ಮಡಚಿ ಎಣಿಸಿ ಹೇಳುತ್ತದೆ.