ಬಂಧುಗಳು ಬಾರದ ಗೋರಿಗಳು

ಸತ್ತವರ ಗೋರಿಯನ್ನು ಕಾಯಬೇಕಾದವರು ಯಾರು? ಮಕ್ಕಳು, ಮೊಮ್ಮಕ್ಕಳು ಎಂಬ ಉತ್ತರ ಸುಲಭವಾಗಿ ಬಾಯಿಗೆ ಬರುತ್ತದೆ. ಉದಕಮಂಡಲದ ಸೇಂಟ್ ಸ್ಟೀಫನ್ಸ್ ಚರ್ಚಿನ ಹಿಂದಿನ ಗುಡ್ಡದಲ್ಲಿ ನಿಂತವನಿಗೆ ಆ ಉತ್ತರ ಸಾಲದು. ಅಲ್ಲಿ ಮಲಗಿರುವ ಅನೇಕ ಆಂಗ್ಲ ಕುಟುಂಬಗಳ ವಂಶಜರು ಕಡಲಾಚೆಗೆ ತೆರಳಿ ತಲೆಮಾರುಗಳೇ ಸಂದಿವೆ.

ಜಾನ್ ಸಲ್ಲಿವನ್ನನ ಸಂಸಾರವನ್ನೇ ನೋಡೋಣ. ಕೊಯಮತ್ತೂರಿನ ಕಲೆಕ್ಟರನಾಗಿದ್ದ ಆತನು ೧೮೧೯ರಲ್ಲಿ ಈ ಬೆಟ್ಟವನ್ನೇರಿದನು. ಈ ಪಟ್ಟಣಕ್ಕೆ ಅಡಿಪಾಯವಿಟ್ಟವನು ಆತನೇ. ೧೮೩೮ರಲ್ಲಿ ತೀರಿಕೊಂಡ ಅವನ ಮಡದಿ ಹೆನ್ರಿಯೆಟ್ಟಾ ಈ ಚರ್ಚಿನ ನೆಲದಲ್ಲಿದ್ದಾಳೆ. ಮಗಳು ಹ್ಯಾರಿಯೆಟ್ಟಳೂ ಇಲ್ಲಿಯೇ. ಅವನಾದರೋ ತಾಯ್ನಾಡಿಗೆ ಮರಳಿ, ೧೮೫೫ರಲ್ಲಿ ಕಾಲವಾಗಿ, ಅಪ್ಟನ್ ಎಂಬಲ್ಲಿನ ಸೇಂಟ್ ಲಾರೆನ್ಸ್ ಚರ್ಚಿನಲ್ಲಿ ಮಣ್ಣಾದನು. (ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಸಮಾಧಿಯೂ ಅದೇ ಚರ್ಚಿನಲ್ಲಿದೆ, ವಿದ್ಯಾರ್ಥಿಗಳಿಗೆ ಇದು ರುಚಿಸೀತು.) ಒಂದೇ ಮನೆಯವರ ಗೋರಿಗಳ ನಡುವೆ ಸಮುದ್ರವೇ ಬಿದ್ದಿದೆ.

ಇಷ್ಟನ್ನು ಕೇಳಿ ಮರುಗುವ ಕನ್ನಡಿಗನ ಮನಸ್ಸು ಚರ್ಚಿನ ಒಳಹೊಕ್ಕೊಡನೆ ತಡೆದು ನಿಲ್ಲುತ್ತದೆ. ೧೮೨೯ರಲ್ಲಿ ಅಸ್ತಿವಾರ ಹಾಕಿ, ೧೮೩೦ರಲ್ಲಿ ಪ್ರತಿಷ್ಠೆಗೊಂಡ ಈ ಕಟ್ಟಡದ ತೊಲೆಗಳು ಶ್ರೀರಂಗಪಟ್ಟಣದ ಲಾಲ್ ಮಹಲಿನವು. ಟಿಪ್ಪು ಸುಲ್ತಾನನು ೧೭೯೯ರಲ್ಲಿ ಮಡಿದನು. ಅವನ ಅರಮನೆಯ ಮರ ಬೆಟ್ಟವನ್ನೇರಿತು. ಅದನ್ನು ಹೊತ್ತು, ಎಳೆದು, ಘಟ್ಟ ಹತ್ತಿಸಿದವರಿಗೆ ಇಲ್ಲಿ ಹೆಸರಿನ ಕಲ್ಲಿಲ್ಲ. "ನಮ್ಮನ್ನು ಆಳಿದವರ ಗೋರಿಯ ಕಳೆಯನ್ನು ನಾವೇಕೆ ಕೀಳಬೇಕು?" ಎಂದು ಹುಡುಗನೊಬ್ಬನು ಕೇಳಿದರೆ ಅವನನ್ನು ಗದರಿಸುವುದು ತರವಲ್ಲ. ಪ್ರಶ್ನೆ ನ್ಯಾಯವಾದುದು.

ಆದರೆ ಪ್ರತಿಮೆ ಬೇರೆ, ಗೋರಿ ಬೇರೆ. ಪ್ರತಿಮೆಯು ತಲೆಯೆತ್ತಿ ನೋಡೆನ್ನುತ್ತದೆ, ಗೌರವ ಕೇಳುತ್ತದೆ. ಕೊಡುವುದೂ ಬಿಡುವುದೂ ನಮ್ಮಿಚ್ಛೆ. ಗೋರಿಯು ಕೇಳುವುದು ತುಳಿಯಬೇಡವೆಂದು ಮಾತ್ರ. ಹ್ಯಾರಿಯೆಟ್ಟಳು ಯಾರನ್ನು ಆಳಿದಳು? ನಮ್ಮ ಹಳ್ಳಿಗಳಲ್ಲಿ ವೀರಗಲ್ಲಿಗೆ ಎಣ್ಣೆ ಎರೆಯುವ ಮುದುಕಿ, ಆ ವೀರನು ಯಾವ ಅರಸನ ಕಡೆಯವನೆಂದು ವಿಚಾರಿಸಿ ಎರೆಯುವುದಿಲ್ಲ. ಅದರ ಹಳಗನ್ನಡದ ಬರಹವನ್ನು ಅವಳು ಓದಲಾರಳು. ಕಲ್ಲು ಊರಿನಲ್ಲಿದೆ, ತಾನೂ ಊರಿನಲ್ಲಿದ್ದೇನೆ ಎಂಬುದೇ ಅವಳಿಗೆ ಸಾಕಾದ ನಂಟು. ಈ ಬೆಟ್ಟಗಳ ಇರುಳರಲ್ಲಿಯೂ ಕುರುಂಬರಲ್ಲಿಯೂ ಸತ್ತವರಿಗಾಗಿ ಹೊಳೆಯ ನುಣುಪುಗಲ್ಲೊಂದನ್ನು ತಂದಿರಿಸುವ ಪದ್ಧತಿಯುಂಟು. ಅದರ ಮೇಲೆ ಅಕ್ಷರವಿಲ್ಲ. ಅಕ್ಷರವಿಲ್ಲವೆಂದು ಅದನ್ನು ಒದ್ದು ಹೋಗುವುದು ಸರಿಯೇ? ಅಲ್ಲವಾದರೆ, ಅಕ್ಷರವಿರುವುದು ಅನ್ಯಭಾಷೆಯದೆಂದು ಇದನ್ನು ಪಾಳುಗೆಡಹುವುದೂ ಸರಿಯಲ್ಲ.

ಕಾಯುವುದೆಂದರೆ ಹೊಗಳುವುದಲ್ಲ. ಮಕ್ಕಳನ್ನು ಕರೆದೊಯ್ಯುವ ಉಪಾಧ್ಯಾಯರು ಮೊದಲು ಒಳಗಿನ ತೊಲೆಗಳನ್ನು ತೋರಿಸಿ, ಅವು ಎಲ್ಲಿಂದ ಬಂದುವೆಂದು ಹೇಳಿ, ಅನಂತರ ಗೋರಿಗಳ ಕಡೆಗೆ ನಡೆಯುವುದು ಮೇಲು. ಮಳೆಗಾಲ ಕಳೆದ ಮೇಲೆ ಹೋಗಬೇಕು. ಇಲ್ಲದಿದ್ದರೆ ಇಳಿಜಾರಿನ ಹುಲ್ಲು ಜಾರುತ್ತದೆ, ಸಣ್ಣ ಮಕ್ಕಳು ಕಲ್ಲುಗಳನ್ನೇ ಹಿಡಿದುಕೊಂಡು ಹತ್ತಬೇಕಾಗುತ್ತದೆ.