‘ಮತ್ತೆ’ ಎಂಬ ಮಾತು

ಒಮ್ಮೆ ಒಲಿದವರನ್ನೇ ಮತ್ತೆ ಒಲಿಯುವುದು ಸಾಧ್ಯವೆ? ಸಾಧ್ಯವೆಂದರೆ, ನಡುವೆ ಆ ಒಲವು ಎಲ್ಲಿಗೆ ಹೋಗಿತ್ತು ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ. ಎಲ್ಲಿಗೂ ಹೋಗಿರಲಿಲ್ಲವಾದರೆ ‘ಮತ್ತೆ’ ಎಂಬ ಮಾತಿಗೆ ಅರ್ಥವಿಲ್ಲ. ಮದುವೆಯಾಗಿ ಮೂವತ್ತು ವರ್ಷ ಕಳೆದವರು ಇದನ್ನು ಬಾಯಿಬಿಟ್ಟು ಕೇಳುವುದಿಲ್ಲ. ಕೇಳಿದರೆ ಆ ಹೊತ್ತು ಕಾಫಿ ಸಿಕ್ಕೀತೆಂಬ ಭರವಸೆಯಿಲ್ಲ.

ಜಪಾನಿನ ಒಂದು ಹಾಡು ಈ ತೊಡಕನ್ನು ಹೆಸರಿನಲ್ಲಿಯೇ ಇಟ್ಟುಕೊಂಡಿದೆ. ‘ಮತ ಕಿಮಿ ನಿ ಕೊಯ್ ಶಿತೆರು’: ಮತ್ತೆ ನಿನ್ನಲ್ಲಿ ಅನುರಕ್ತನಾಗಿದ್ದೇನೆ, ಎಂದು ಅರ್ಥ. ಅವರ ‘ಮತ’ ನಮ್ಮ ‘ಮತ್ತೆ’ಯ ಹಾಗೆಯೇ ಕೇಳಿಸುತ್ತದೆ. ಜಪಾನಿಗೂ ದ್ರಾವಿಡ ಭಾಷೆಗಳಿಗೂ ನಂಟು ಹೂಡಿದ ಪಂಡಿತರುಂಟು. ಆ ಗೊಡವೆ ಇಲ್ಲಿ ಬೇಡ. 2007ರಲ್ಲಿ ಇದನ್ನು ಹಾಡಿದವರು ಬಿಲ್ಲಿ ಬಾನ್‌ಬಾನ್ ಎಂಬ ಹೆಸರಿನ ಜೋಡಿ: ಸುಗವಾರ ತಕಾಶಿ, ಸುಗವಾರ ಸುಸುಮು ಎಂಬ ಅಣ್ಣತಮ್ಮಂದಿರು. ಅವರದು ‘ಫೋಕ್’ ಹಾಡುಗಾರಿಕೆ. ಹಾಗೆಂದರೆ ಹಳ್ಳಿಯ ಪದಗಳಲ್ಲ; ಅಮೆರಿಕೆಯ ಗಾಳಿ ಬೀಸಿ, ಕಾಲೇಜಿನ ಹುಡುಗರು ಗಿಟಾರು ಹಿಡಿದು ಕಟ್ಟಿಕೊಂಡ ಮೆಲುದನಿಯ ಗೀತೆಗಳು. 1969ರಲ್ಲಿ ‘ಬಿಳಿಯ ಉಯ್ಯಾಲೆ’ ಎಂಬರ್ಥದ ಹಾಡಿನಿಂದ ಹೆಸರಾದರು, 1976ರಲ್ಲಿ ಬೇರೆಯಾದರು, 1984ರಲ್ಲಿ ಮತ್ತೆ ಕೂಡಿದರು. ಈ ಹಾಡಿನ ಹೊತ್ತಿಗೆ ಇಬ್ಬರಿಗೂ ಅರವತ್ತರ ಆಸುಪಾಸು.

ಹಾಡು ಮನೆಮನೆಗೆ ಮುಟ್ಟಿದ್ದು ‘ಇಯಿಚಿಕೊ’ ಎಂಬ ಬಾರ್ಲಿ ಮದ್ಯದ ಜಾಹೀರಾತಿನಿಂದ. ಮದ್ಯ ಮಾರುವ ಹಾಡಿನಲ್ಲಿ ಯಾವ ಸತ್ಯ ಎಂದು ಮೂಗು ಮುರಿಯಬಹುದು. ಸಂಜೆ ಬಟ್ಟಲು ಹಿಡಿದು ಕೂತ ನಡುವಯಸ್ಸಿನವನು ಏನನ್ನು ಕೇಳಲು ಹಂಬಲಿಸುತ್ತಾನೆಂಬುದು ವ್ಯಾಪಾರಿಗೆ ಚೆನ್ನಾಗಿ ಗೊತ್ತು. ಅಷ್ಟರ ಮಟ್ಟಿಗೆ ಅವನ ಸಾಕ್ಷ್ಯವನ್ನು ನಂಬಬೇಕು.

ಜಪಾನಿಯರಲ್ಲಿ ಪ್ರೀತಿಗೆ ಎರಡು ಮಾತುಗಳಿವೆ. ‘ಅಯ್’ ವಿಶಾಲವಾದದ್ದು, ಮಕ್ಕಳಲ್ಲಿ, ನಾಡಿನಲ್ಲಿ, ಹೆಂಡತಿಯಲ್ಲಿ ಎಲ್ಲೆಡೆಯೂ ಸಲ್ಲುತ್ತದೆ. ‘ಕೊಯ್’ ಹಾಗಲ್ಲ. ಅದು ಕೈಗೆ ಸಿಕ್ಕದ್ದರ ಕಡೆಗಿನ ಸೆಳೆತ. ಎಂಟನೆಯ ಶತಮಾನದ ಮನ್‌ಯೋಶು ಎಂಬ ಕವನ ಸಂಗ್ರಹದಲ್ಲಿ ಈ ಮಾತನ್ನು ಕೆಲವೆಡೆ ‘ಒಂಟಿ’, ‘ದುಃಖ’ ಎಂಬ ಎರಡು ಚೀನೀ ಅಕ್ಷರಗಳನ್ನು ಜೋಡಿಸಿ ಬರೆದಿದ್ದಾರೆ. ನಮ್ಮ ವಿರಹಕ್ಕೆ ಹತ್ತಿರ ಎನ್ನೋಣ. ಹೀಗಿರುವಲ್ಲಿ, ಬಹುಕಾಲ ಜೊತೆಯಲ್ಲಿದ್ದವಳ ವಿಷಯದಲ್ಲಿ ಗೀತಕಾರ ಮತ್ಸುಯಿ ಗೊರೊ ‘ಕೊಯ್’ ಎಂಬ ಮಾತನ್ನು ಬಳಸಿದ್ದು ಸಣ್ಣ ಧೈರ್ಯವಲ್ಲ. ಪಕ್ಕದಲ್ಲಿ ಕೂತವಳಿಗಾಗಿ ವಿರಹವೆ?

ಇದ್ದೀತು ಎಂದೇ ನನಗೆ ತೋರುತ್ತದೆ. ದಿನವೂ ಕಾಣುವುದನ್ನು ಕಣ್ಣು ನೋಡದೆ ಬಿಟ್ಟುಬಿಡುತ್ತದೆ. ಮೂವತ್ತು ವರ್ಷದಲ್ಲಿ ಅವಳು ಬೇರೊಬ್ಬಳೇ ಆಗಿರುತ್ತಾಳೆ. ಇವನು ಮದುವೆಯ ಪಟದಲ್ಲಿದ್ದವಳ ಜೊತೆಯಲ್ಲಿಯೇ ಸಂಸಾರ ನಡೆಸುತ್ತಿರುತ್ತಾನೆ. ಒಂದು ದಿನ ಯಾವುದೋ ನೆಪದಲ್ಲಿ ಇವಳಾರು ಎಂದು ತಿರುಗಿ ನೋಡಿದರೆ, ಅಲ್ಲಿ ಅಪರಿಚಿತೆ. ‘ನನ್ನ ಪ್ರೀತಿ ಎಳ್ಳಷ್ಟೂ ಕುಂದಿಲ್ಲ’ ಎಂದು ಆಣೆ ಇಡುವವನಿಗಿಂತ ‘ಮತ್ತೆ’ ಎನ್ನುವವನನ್ನು ನಾನು ಹೆಚ್ಚು ನಂಬುತ್ತೇನೆ. ಅವನು ನಡುವಣ ಬರಗಾಲವನ್ನು ಒಪ್ಪಿಕೊಂಡಿದ್ದಾನೆ.

ಆದರೆ ಒಪ್ಪಿಕೊಂಡರೆ ಲೆಕ್ಕ ತೀರಿತೆ? ಆ ಬರಗಾಲದಲ್ಲಿ ಒಲೆ ಹೊತ್ತಿಸಿದವರು ಯಾರು? ಹೋಗಲು ಬೇರೆ ಜಾಗವಿಲ್ಲದೆ ಉಳಿದುಕೊಂಡ ಎಷ್ಟೋ ಹೆಂಗಸರ ಉಳಿವನ್ನು ಲೋಕ ನಿಷ್ಠೆಯೆಂದು ಹೊಗಳಿದೆ. ಅಂಥವಳ ಮುಂದೆ ನಿಂತು ‘ಮತ್ತೆ ಒಲಿದೆ’ ಎಂದರೆ, ಅದು ಕಾಣಿಕೆಯೂ ಹೌದು, ಅವಮಾನವೂ ಹೌದು. ಅಲ್ಲಿಯವರೆಗೆ ನಾನು ನಿನಗೆ ಏನಾಗಿದ್ದೆ ಎಂದು ಅವಳು ಕೇಳಿದರೆ ಹಾಡಿನಲ್ಲಿ ಉತ್ತರವಿಲ್ಲ.

ಬಿಲ್ಲಿ ಬಾನ್‌ಬಾನರ ‘ಮತ್ತೆ’ ಬೇರೆ ಬಗೆಯದು. 2014ರಲ್ಲಿ ತಮ್ಮನಿಗೆ ಕ್ಯಾನ್ಸರ್. ಕೆಲವೇ ತಿಂಗಳಲ್ಲಿ ಅಣ್ಣನಿಗೆ ಮೆದುಳಿನ ರಕ್ತಸ್ರಾವ. ಅಷ್ಟಾದ ಮೇಲೂ, ಅಣ್ಣ ಗಾಲಿಕುರ್ಚಿಯಲ್ಲಿ ಕೂತು, ಇಬ್ಬರೂ ವೇದಿಕೆಗೆ ಬಂದರು. ಒಡಹುಟ್ಟಿದವರು ಎಂಟು ವರ್ಷ ದೂರವಿದ್ದುದಕ್ಕೆ ಲೆಕ್ಕ ಕೇಳಿಕೊಳ್ಳುವ ರೂಢಿಯಿಲ್ಲ.

ಅವರ ಹಾಡನ್ನು 2009ರಲ್ಲಿ ಸಕಾಮೊತೊ ಫುಯುಮಿ ಎಂಬ ಗಾಯಕಿಯೂ ಹಾಡಿದರು. ಅಲ್ಲಿಂದ ಅದರ ಹೆಸರು ಇನ್ನೂ ದೂರ ಹಬ್ಬಿತು. ‘ಕಿಮಿ’ ಎಂಬುದು ಸಾಮಾನ್ಯವಾಗಿ ಗಂಡಸು ಹೆಂಗಸಿಗೆ ಆಡುವ ‘ನೀನು’. ಅದೇ ಮಾತು ಹೆಣ್ಣಿನ ಬಾಯಲ್ಲಿ ಬಂದಾಗ, ಬಟ್ಟಲು ಹಿಡಿದು ಕೂತಿದ್ದವನು ಸ್ವಲ್ಪ ನೆಟ್ಟಗೆ ಕೂತಿರಬೇಕು. ನಡುವಣ ವರ್ಷಗಳಲ್ಲಿ ಅವಳ ಒಲವೂ ಎಲ್ಲಿಗೋ ಹೋಗಿತ್ತೇನೋ. ಅವನಿಗೆ ಅದು ತಿಳಿದೇ ಇರಲಿಲ್ಲ.